ಫೀಲ್ಡ್ ಪೋಸ್ಟಿಂಗ್ ಬಂದಾಗ: ಯೋಧರ ಸಂಬಳ, ಭತ್ಯೆ ಮತ್ತು ಮನೆಯವರ ಸೌಲಭ್ಯಗಳ ಸಮಗ್ರ ಮಾರ್ಗದರ್ಶಿ

ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯಿಂದ ದೂರದ ಶಾಂತ ನೆಲೆಯಲ್ಲಿ ಇದ್ದ ಯೂನಿಟ್‌ಗೆ ಗಡಿಗೆ, ಅಂದರೆ ಫೀಲ್ಡ್‌ಗೆ ಹೋಗುವ ಆದೇಶ ಬಂದರೆ ಮನೆಯಲ್ಲಿ ಮೊದಲು ಹುಟ್ಟುವುದು ಆತಂಕ. ಸಂಬಳದ ಪ್ರಶ್ನೆ ಆಮೇಲೆ ಬರುತ್ತದೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಹೊತ್ತು, ಯೋಧರು ಇನ್ನೂ ಮನೆಯಲ್ಲಿರುವಾಗಲೇ. ಲಡಾಖ್‌ನ ಪೋಸ್ಟ್‌ಗೆ ಹೋದ ಮೇಲೆ ಫೋನ್ ಸಿಗುವುದೇ ಕಷ್ಟ. ಇನ್ನು ಸಹಿ, ಫೋಟೊ, ಜೆರಾಕ್ಸ್ ಎಲ್ಲಿಂದ ಬರಬೇಕು?

ಇದು ಮುಖ್ಯವಾಗಿ ಭೂಸೇನೆಯ ಜವಾನರು, ಎನ್‌ಸಿಒಗಳು (ನಾಯಕ್, ಹವಾಲ್ದಾರ್), ಜೆಸಿಒಗಳು (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್ ತನಕ) ಮತ್ತು ಅವರ ಮನೆಯವರಿಗಾಗಿ ಬರೆದದ್ದು. ಅಧಿಕಾರಿಗಳ ದರವನ್ನೂ ಅಲ್ಲಲ್ಲಿ ಕೊಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೇನೆಯಲ್ಲಿ ಹಣ ಆದೇಶದ ಹಿಂದೆ ಬರುತ್ತದೆ. ಯೋಧರು ಎಷ್ಟು ಎತ್ತರದ ಪೋಸ್ಟ್‌ನಲ್ಲಿದ್ದರೂ, ಅದು ಕಾಗದದಲ್ಲಿ ದಾಖಲಾಗದ ತನಕ ಭತ್ಯೆ ಖಾತೆಗೆ ಬೀಳುವುದಿಲ್ಲ.

ಮೊದಲು ಸಂಬಳದ ಬುಡ ತಿಳಿಯಿರಿ

ಈಗಿನ ಸಂಬಳ 7ನೇ ಕೇಂದ್ರ ವೇತನ ಆಯೋಗದ ಪೇ ಮ್ಯಾಟ್ರಿಕ್ಸ್, ಅಂದರೆ ಹುದ್ದೆಗೊಂದು ಲೆವೆಲ್ ಇಟ್ಟ ವೇತನ ಪಟ್ಟಿಯ ಪ್ರಕಾರ ನಡೆಯುತ್ತಿದೆ. ಅದು 2016ರ ಜನವರಿ 1ರಿಂದ ಜಾರಿಗೆ ಬಂದಿತು. ಸಿಪಾಯಿ ಲೆವೆಲ್ 3ರಲ್ಲಿ 21,700 ರೂಪಾಯಿ ಮೂಲ ವೇತನದಿಂದ ಶುರು ಮಾಡುತ್ತಾರೆ. ನಾಯಕ್ ಲೆವೆಲ್ 4, ಅಲ್ಲಿ ಆರಂಭ 25,500. ಹವಾಲ್ದಾರ್‌ಗೆ 29,200, ನಾಯಬ್ ಸುಬೇದಾರ್‌ಗೆ 35,400, ಸುಬೇದಾರ್‌ಗೆ 44,900, ಸುಬೇದಾರ್ ಮೇಜರ್‌ಗೆ 47,600. ಲೆಫ್ಟಿನೆಂಟ್ ಆಗಿ ಸೇರುವವರು ಲೆವೆಲ್ 10ರಲ್ಲಿ 56,100ರಿಂದ ಆರಂಭಿಸುತ್ತಾರೆ. ಪ್ರತಿ ವರ್ಷ ಸುಮಾರು ಶೇ. 3ರಷ್ಟು ಇನ್‌ಕ್ರಿಮೆಂಟ್ ಸೇರುತ್ತದೆ.

ಇದರ ಮೇಲೆ ಮಿಲಿಟರಿ ಸರ್ವಿಸ್ ಪೇ, ಅಂದರೆ ಎಂಎಸ್‌ಪಿ. ಜೆಸಿಒ ಮತ್ತು ಜವಾನರಿಗೆ ತಿಂಗಳಿಗೆ 5,200 ರೂಪಾಯಿ. ಲೆಫ್ಟಿನೆಂಟ್‌ನಿಂದ ಬ್ರಿಗೇಡಿಯರ್ ತನಕ 15,500. ಸೇನೆಯ ಬದುಕಿನ ಕಷ್ಟಕ್ಕೆಂದೇ ಕೊಡುವ ಹಣ ಇದು. ಪೀಸ್‌ನಲ್ಲಿದ್ದರೂ ಫೀಲ್ಡ್‌ನಲ್ಲಿದ್ದರೂ ಅಷ್ಟೇ ಬರುತ್ತದೆ. ತುಟ್ಟಿಭತ್ಯೆ ಲೆಕ್ಕ ಹಾಕುವಾಗ, ಪಿಂಚಣಿ ಲೆಕ್ಕ ಹಾಕುವಾಗ ಎಂಎಸ್‌ಪಿಯನ್ನೂ ಸೇರಿಸುತ್ತಾರೆ. ಮನೆ ಬಾಡಿಗೆ ಭತ್ಯೆಗೆ ಮಾತ್ರ ಸೇರಿಸುವುದಿಲ್ಲ.

ತುಟ್ಟಿಭತ್ಯೆ, ಎಲ್ಲರ ಬಾಯಲ್ಲೂ ಡಿಎ, ಜನವರಿ ಮತ್ತು ಜುಲೈನಲ್ಲಿ ಪರಿಷ್ಕರಣೆ ಆಗುತ್ತದೆ. ಘೋಷಣೆ ಸ್ವಲ್ಪ ತಡವಾಗಿ ಬಂದರೂ ಬಾಕಿ ಅರಿಯರ್ಸ್ ಆಗಿ ಸೇರುತ್ತದೆ. 2025ರ ಜುಲೈನಿಂದ ಅದು ಶೇ. 58 ಆಯಿತು. ನಿಮ್ಮ ಪೇ ಸ್ಲಿಪ್‌ನಲ್ಲಿ ಯಾವ ದರ ಇದೆ ಎಂದು ನೋಡಿಕೊಂಡೇ ಲೆಕ್ಕ ಹಾಕಿ. ಕೆಲವು ತಾಂತ್ರಿಕ ಟ್ರೇಡ್‌ಗಳಿಗೆ ಎಕ್ಸ್ ಗ್ರೂಪ್ ಪೇ ಕೂಡ ಇದೆ.

ಫೀಲ್ಡ್‌ನಲ್ಲಿ ಏನು ಜಾಸ್ತಿ ಆಗುತ್ತದೆ?

ಮೂಲ ವೇತನ, ಎಂಎಸ್‌ಪಿ, ಡಿಎ ಮೂರೂ ಎಲ್ಲಿದ್ದರೂ ಒಂದೇ. ಬದಲಾಗುವುದು ಜಾಗದ ಭತ್ಯೆ. ಅಪಾಯ ಎಷ್ಟು, ಕಷ್ಟ ಎಷ್ಟು ಎಂಬ ಎರಡು ಅಳತೆ ಇಟ್ಟುಕೊಂಡು ಸರ್ಕಾರ ಒಂದು ಪಟ್ಟಿ ಮಾಡಿದೆ. ಅದಕ್ಕೆ ರಿಸ್ಕ್ ಅಂಡ್ ಹಾರ್ಡ್‌ಶಿಪ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. 2017ರ ಜುಲೈನಲ್ಲಿ ಈ ಹೊಸ ದರಗಳು ಬಂದವು.

ಪಟ್ಟಿಯ ತುತ್ತತುದಿಯಲ್ಲಿ ಸಿಯಾಚಿನ್ ಇದೆ. 2017ರಲ್ಲಿ ಜೆಸಿಒ ಮತ್ತು ಜವಾನರಿಗೆ ತಿಂಗಳಿಗೆ 30,000, ಅಧಿಕಾರಿಗಳಿಗೆ 42,500 ಎಂದು ನಿಗದಿಯಾಯಿತು. ಅದಕ್ಕೂ ಮೊದಲು ಅದು 14,000 ಮತ್ತು 21,000 ಇತ್ತು. ಆ ಜಾಗ ಎಂಥದ್ದು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ಫೆಬ್ರವರಿಯಲ್ಲಿ 19,600 ಅಡಿ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿದು, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದ್ದರು. ಇಡೀ ನಾಡು ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಆ ಎತ್ತರದ ಕಷ್ಟಕ್ಕೆ ಯಾವ ಮೊತ್ತವೂ ಸಮನಲ್ಲ. ಆದರೂ ಸಿಗಬೇಕಾದದ್ದು ಪೂರ್ತಿ ಸಿಗಲೇಬೇಕು.

ಉಳಿದ ಜಾಗಗಳು ಫೀಲ್ಡ್, ಹೈಲಿ ಆಕ್ಟಿವ್ ಫೀಲ್ಡ್, ಮಾಡಿಫೈಡ್ ಫೀಲ್ಡ್ ಎಂದು ವಿಂಗಡಣೆಯಾಗಿವೆ. ಯಾವ ಊರು ಯಾವ ವರ್ಗ ಎಂದು ರಕ್ಷಣಾ ಸಚಿವಾಲಯ ತೀರ್ಮಾನಿಸುತ್ತದೆ. 2017ರ ದರದಲ್ಲಿ ಜವಾನರಿಗೆ ಫೀಲ್ಡ್ ಭತ್ಯೆ 6,000, ಹೈಲಿ ಆಕ್ಟಿವ್ ಫೀಲ್ಡ್‌ನಲ್ಲಿ 9,700. ಅಧಿಕಾರಿಗಳಿಗೆ 10,500 ಮತ್ತು 16,900. ಮಾಡಿಫೈಡ್ ಫೀಲ್ಡ್‌ಗೆ ಫೀಲ್ಡ್ ದರದ ಶೇ. 60. ಹೈ ಆಲ್ಟಿಟ್ಯೂಡ್ ಭತ್ಯೆ ಎತ್ತರಕ್ಕೆ ತಕ್ಕಂತೆ 2,700ರಿಂದ 25,000 ತನಕ ಇತ್ತು. ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಇರುವವರಿಗೆ ಸಿಐ ಆಪ್ಸ್ ಭತ್ಯೆ, 6,000ರಿಂದ 16,900.

ಇಲ್ಲಿ ಒಂದು ನಿಯಮ ನೆನಪಿಡಿ. ಡಿಎ ಪ್ರತಿ ಬಾರಿ 50 ಅಂಶ ಏರಿದಾಗ ಈ ಭತ್ಯೆಗಳು ಶೇ. 25ರಷ್ಟು ಏರುತ್ತವೆ. 2024ರ ಜನವರಿಯಲ್ಲಿ ಡಿಎ ಶೇ. 50 ಮುಟ್ಟಿತು. ಹಾಗಾಗಿ 6,000 ಇದ್ದದ್ದು 7,500, ಸಿಯಾಚಿನ್‌ನ 30,000 ಈಗ 37,500 ಆಗುತ್ತದೆ. ಹಳೆಯ ಪಟ್ಟಿ ನೋಡಿಕೊಂಡು ಲೆಕ್ಕ ಹಾಕುವವರು ಈ ಏರಿಕೆಯನ್ನು ಮರೆತುಬಿಡುತ್ತಾರೆ.

ಇನ್ನೊಂದು ತಪ್ಪು ಕಲ್ಪನೆ ಬಹಳ ಕಡೆ ಇದೆ. ಫೀಲ್ಡ್ ಭತ್ಯೆ, ಸಿಐ ಆಪ್ಸ್, ಎತ್ತರದ ಭತ್ಯೆ ಎಲ್ಲವನ್ನೂ ಕೂಡಿಸಿ ಯಾರಿಗೂ ಕೊಡುವುದಿಲ್ಲ. ಯಾವುದರ ಜೊತೆ ಯಾವುದು ಸೇರುತ್ತದೆ ಎಂಬುದಕ್ಕೆ ಆದೇಶಗಳಿವೆ. ಯೂನಿಟ್‌ನ ಕ್ಲರ್ಕ್ ಹತ್ತಿರ ಆ ಆದೇಶ ಇರುತ್ತದೆ, ಕೇಳಿ ನೋಡಿ. ಪಕ್ಕದ ಮನೆಯ ಯೋಧರಿಗೆ ಜಾಸ್ತಿ ಬಂತು ಎಂದ ಮಾತ್ರಕ್ಕೆ ನಮಗೆ ಅನ್ಯಾಯವಾಗಿದೆ ಎಂದುಕೊಳ್ಳಬೇಡಿ. ಅವರ ಪೋಸ್ಟ್‌ನ ವರ್ಗ ಬೇರೆ ಇರಬಹುದು ಅಲ್ವಾ?

ಒಂದು ಲೆಕ್ಕ ಹಾಕಿ ನೋಡೋಣ

ಒಬ್ಬ ನಾಯಕ್ ಇದ್ದಾರೆ, ಮೂಲ ವೇತನ 28,700 ಎಂದಿಟ್ಟುಕೊಳ್ಳಿ. ಎಂಎಸ್‌ಪಿ 5,200 ಸೇರಿ 33,900. ಅದರ ಮೇಲೆ ಶೇ. 58 ಡಿಎ, ಅಂದರೆ 19,662. ಇಲ್ಲಿಗೆ 53,562 ಆಯಿತು. ಫೀಲ್ಡ್ ಭತ್ಯೆ 7,500 ಸೇರಿದರೆ 61,062. ಮನೆಯವರು ಹಳ್ಳಿಯಲ್ಲಿದ್ದು ಮನೆ ಬಾಡಿಗೆ ಭತ್ಯೆಗೆ ಅರ್ಹತೆ ಇದ್ದರೆ ಮೂಲ ವೇತನದ ಶೇ. 10, ಅಂದರೆ 2,870 ಸೇರುತ್ತದೆ. ಒಟ್ಟು 63,932.

ಇದು ಕಡಿತಕ್ಕೆ ಮೊದಲಿನ ಮೊತ್ತ. ಪ್ರಾವಿಡೆಂಟ್ ಫಂಡ್, ಗ್ರೂಪ್ ಇನ್ಶೂರೆನ್ಸ್, ಸಾಲದ ಕಂತು, ತೆರಿಗೆ ಹೋಗಿ ಕೈಗೆ ಬರುವುದು ಕಡಿಮೆ. ಮನೆ ಸಾಲದ ಲೆಕ್ಕ ಹಾಕುವಾಗ ನನ್ನದೊಂದು ಸಲಹೆ ಇದೆ. ಫೀಲ್ಡ್ ಭತ್ಯೆಯನ್ನು ಲೆಕ್ಕದಿಂದ ಹೊರಗಿಡಿ. ಯೂನಿಟ್ ಮತ್ತೆ ಪೀಸ್‌ಗೆ ಬಂದ ತಿಂಗಳೇ ಆ ಹಣ ನಿಲ್ಲುತ್ತದೆ. ಇಎಂಐ ಮಾತ್ರ ನಿಲ್ಲುವುದಿಲ್ಲ.

ಪಾರ್ಟ್ ಟೂ ಆರ್ಡರ್: ಎಲ್ಲದರ ಕೀಲಿ

ಮನೆಯವರು ಹೆಚ್ಚಾಗಿ ಕೇಳಿರದ, ಯೋಧರು ದಿನವೂ ಕೇಳುವ ಮಾತು ಇದು. ಯೋಧರ ಬದುಕಿನಲ್ಲಿ ಸಂಬಳಕ್ಕೆ ಸಂಬಂಧಪಟ್ಟ ಏನೇ ಆದರೂ ಯೂನಿಟ್ ಒಂದು ಪಾರ್ಟ್ ಟೂ ಆರ್ಡರ್ ಹೊರಡಿಸುತ್ತದೆ. ಫೀಲ್ಡ್‌ಗೆ ಬಂದು ಸೇರಿದ್ದು, ರಜೆಗೆ ಹೋಗಿದ್ದು, ಬಡ್ತಿ, ಮದುವೆ, ಮಗು ಹುಟ್ಟಿದ್ದು, ಆಸ್ಪತ್ರೆಗೆ ಸೇರಿದ್ದು, ಎಲ್ಲವೂ. ಅದು ಯೋಧರ ಸೇವಾ ದಾಖಲೆ ಇಡುವ ರೆಜಿಮೆಂಟ್‌ನ ರೆಕಾರ್ಡ್ ಆಫೀಸ್‌ಗೂ ಪೇ ಅಕೌಂಟ್ಸ್ ಆಫೀಸ್‌ಗೂ (ಪಿಎಒ) ಹೋಗುತ್ತದೆ. ಜವಾನರ ಸಂಬಳ ಮಾಡುವ ಈ ಪಿಎಒ ಆಯಾ ರೆಜಿಮೆಂಟ್‌ನ ಕೇಂದ್ರಕ್ಕೆ ಅಂಟಿಕೊಂಡಿರುತ್ತದೆ. ಮರಾಠಾ ಲೈಟ್ ಇನ್‌ಫಂಟ್ರಿಯವರದ್ದು ಬೆಳಗಾವಿಯಲ್ಲಿದೆ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರದ್ದು ಬೆಂಗಳೂರಿನಲ್ಲಿದೆ. ಅಧಿಕಾರಿಗಳ ಸಂಬಳವನ್ನು ಪುಣೆಯ ಪಿಸಿಡಿಎ ಕಚೇರಿ ನೋಡಿಕೊಳ್ಳುತ್ತದೆ.

ಹೀಗಾಗಿ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಯೂನಿಟ್ ಬರೆಯಬೇಕು. ಪಿಎಒ ಒಪ್ಪಬೇಕು. ಆಮೇಲೆ ಪೇ ಸ್ಲಿಪ್‌ನಲ್ಲಿ ಕಾಣಬೇಕು. ನಡುವೆ ಎಲ್ಲಾದರೂ ಹೆಸರು, ದಿನಾಂಕ ತಾಳೆಯಾಗದಿದ್ದರೆ ಪಿಎಒ ಅಬ್ಸರ್ವೇಶನ್, ಅಂದರೆ ಆಕ್ಷೇಪ ಹಾಕಿ ವಾಪಸ್ ಕಳಿಸುತ್ತದೆ. ಗಡಿಯಲ್ಲಿರುವ ಯೂನಿಟ್‌ಗೆ ಅದು ತಲುಪಿ, ಸರಿಯಾಗಿ, ಮತ್ತೆ ಹೋಗುವಷ್ಟರಲ್ಲಿ ತಿಂಗಳುಗಳೇ ಉರುಳಬಹುದು.

ಯೋಧರಿಗೆ ಒಂದೇ ಮಾತು: ನಿಮಗೆ ಸಂಬಂಧಿಸಿದ ಪ್ರತಿ ಪಾರ್ಟ್ ಟೂ ಆರ್ಡರ್‌ನ ನಂಬರ್ ಮತ್ತು ತಾರೀಕನ್ನು ಒಂದು ಸಣ್ಣ ಡೈರಿಯಲ್ಲಿ ಬರೆದಿಡಿ. ಮೊಬೈಲ್ ಕಳೆಯಬಹುದು, ಡೈರಿ ಇರಲಿ. ಒಂದು ನಕಲು ಮನೆಯಲ್ಲೂ ಇರಲಿ. ಹಣ ಬರದಿದ್ದಾಗ "ನನ್ನ ಭತ್ಯೆ ಬಂದಿಲ್ಲ ಸರ್" ಎನ್ನುವುದಕ್ಕೂ, "ಈ ನಂಬರಿನ ಆರ್ಡರ್ ಆಗಿದೆ, ಭತ್ಯೆ ಬಂದಿಲ್ಲ" ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೆಯದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಉಲ್ಟಾ ತೊಂದರೆಯೂ ಇದೆ. ಫೀಲ್ಡ್ ಬಿಟ್ಟು ಬಂದ ಆರ್ಡರ್ ತಡವಾಗಿ ತಲುಪಿದರೆ ಭತ್ಯೆ ಮುಂದುವರಿಯುತ್ತಲೇ ಇರುತ್ತದೆ. ಖುಷಿಪಟ್ಟು ಖರ್ಚು ಮಾಡಬೇಡಿ. ಗೊತ್ತಾದ ಮೇಲೆ ಅಷ್ಟನ್ನೂ ರಿಕವರಿ ಮಾಡುತ್ತಾರೆ, ಆ ತಿಂಗಳು ಮನೆ ನಡೆಸುವುದೇ ಕಷ್ಟವಾಗುತ್ತದೆ. ಪೀಸ್‌ಗೆ ಬಂದ ಮೇಲೂ ಫೀಲ್ಡ್ ಭತ್ಯೆ ಕಂಡರೆ ಆ ಹಣ ಪಕ್ಕಕ್ಕಿಡಿ, ಕ್ಲರ್ಕ್‌ಗೆ ಹೇಳಿ.

ಹೊರಡುವ ಮುನ್ನ ಮನೆಯಲ್ಲಿ ಕೂತು ಮಾಡುವ ಕೆಲಸ

ಹೆಸರಿನಿಂದ ಶುರು ಮಾಡಿ. ನಮ್ಮ ಕಡೆ ಇದು ದೊಡ್ಡ ತಲೆನೋವು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಸೇನೆಯ ದಾಖಲೆಯಲ್ಲಿ ಊರಿನ ಹೆಸರು ಸೇರಿದ ಪೂರ್ತಿ ಹೆಸರು. ಹೆಂಡತಿಯ ಹೆಸರಿನ ಮುಂದೆ ಒಂದು ಕಡೆ ತವರಿನ ಇನಿಷಿಯಲ್, ಇನ್ನೊಂದು ಕಡೆ ಗಂಡನ ಹೆಸರು. ಸುಮ್ನೆ ಬಿಟ್ಟರೆ ಮಕ್ಕಳ ಭತ್ಯೆಯಿಂದ ಪಿಂಚಣಿ ತನಕ ಎಲ್ಲ ಕಡೆಯೂ ಇದು ಅಡ್ಡ ಬರುತ್ತದೆ. ಯೋಧರ ಸರ್ವಿಸ್ ದಾಖಲೆಯಲ್ಲಿ ಹೆಂಡತಿ ಮಕ್ಕಳ ಹೆಸರು ಹೇಗಿದೆಯೋ ಹಾಗೇ ಆಧಾರ್, ಪ್ಯಾನ್, ಬ್ಯಾಂಕ್, ಜನನ ಪ್ರಮಾಣಪತ್ರ ಇರಲಿ. ಅಕ್ಷರ ಅಕ್ಷರವೂ ಹೋಲಿಸಿ. ಹುಟ್ಟಿದ ದಿನಾಂಕವನ್ನೂ ನೋಡಿ.

ಮದುವೆ ರಿಜಿಸ್ಟರ್ ಆಗಿದೆಯೇ? ಅದರ ಪಾರ್ಟ್ ಟೂ ಆರ್ಡರ್ ಆಗಿದೆಯೇ? ಮಗು ಹುಟ್ಟಿದ ಮೇಲೆ ಆಗಿದೆಯೇ? ಮದುವೆಗೆ ಊರೆಲ್ಲ ಬಂದಿದ್ದರೂ ಸೇನೆಯ ದಾಖಲೆಯಲ್ಲಿ ಇಲ್ಲದ ಹೆಂಡತಿಗೆ ಡಿಪೆಂಡೆಂಟ್ ಕಾರ್ಡ್ (ಅವಲಂಬಿತರ ಗುರುತಿನ ಚೀಟಿ) ಕೂಡ ಸಿಗುವುದಿಲ್ಲ.

ಆಮೇಲೆ ನಾಮಿನೇಶನ್. ಮದುವೆಗೆ ಮೊದಲು ಸೇರಿದವರು ಎಲ್ಲ ಕಡೆ ಅಪ್ಪ ಅಮ್ಮನ ಹೆಸರು ಕೊಟ್ಟಿರುತ್ತಾರೆ. ಪ್ರಾವಿಡೆಂಟ್ ಫಂಡ್, ಗ್ರೂಪ್ ಇನ್ಶೂರೆನ್ಸ್, ಬ್ಯಾಂಕ್ ಖಾತೆ, ಹೊರಗಿನ ಪಾಲಿಸಿ, ಒಂದೊಂದಕ್ಕೂ ಬೇರೆ ಬೇರೆ ನಾಮಿನೇಶನ್ ಇದೆ. ಒಂದನ್ನು ಬದಲಿಸಿದರೆ ಉಳಿದವು ತಾನಾಗಿ ಬದಲಾಗುವುದಿಲ್ಲ. ತಂದೆತಾಯಿಗೆ ಎಷ್ಟು, ಹೆಂಡತಿಗೆ ಎಷ್ಟು ಎಂದು ಮನೆಯಲ್ಲಿ ಬಾಯಿಬಿಟ್ಟು ಮಾತಾಡಿಕೊಳ್ಳಿ. ಮುಜುಗರದ ಮಾತು ನಿಜ. ಆದರೆ ಈ ಮಾತು ಆಡದೆ ಬಿಟ್ಟದ್ದರಿಂದ ಅತ್ತೆ ಸೊಸೆ ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನಮ್ಮ ಹಳ್ಳಿಗಳು ನೋಡಿವೆ. ಇಬ್ಬರೂ ನೊಂದವರೇ.

ಸಂಬಳದ ಖಾತೆಯನ್ನು ಹೆಂಡತಿಯ ಜೊತೆ ಜಂಟಿಯಾಗಿ ಮಾಡಿ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ ಇರಲಿ. ಆ ಖಾತೆ ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್ ಅಡಿ ಇದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಹಲವು ಬ್ಯಾಂಕ್‌ಗಳಲ್ಲಿ ಇದೆ. ಇದರಲ್ಲಿ ಪ್ರತ್ಯೇಕ ಪ್ರೀಮಿಯಂ ಇಲ್ಲದೆ ಅಪಘಾತ ವಿಮೆ ಸಿಗುತ್ತದೆ. ಮೊತ್ತ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಸೇರಿದಾಗ ಮಾಮೂಲಿ ಉಳಿತಾಯ ಖಾತೆ ಮಾಡಿಸಿ, ಅದನ್ನೇ ಇಟ್ಟುಕೊಂಡವರಿಗೆ ಈ ವಿಮೆ ಇರುವುದಿಲ್ಲ. ಪ್ಯಾಕೇಜ್‌ಗೆ ಬದಲಿಸಲು ಒಂದು ಅರ್ಜಿ ಸಾಕು.

ಇಷ್ಟರ ನಕಲುಗಳನ್ನು ಒಂದು ಫೈಲ್‌ಗೆ ಹಾಕಿ, ಯೋಧರ ಆರ್ಮಿ ನಂಬರ್, ಯೂನಿಟ್‌ನ ವಿಳಾಸ, ರೆಕಾರ್ಡ್ ಆಫೀಸ್‌ನ ವಿಳಾಸ ಬರೆದಿಡಿ. ಫೋನ್‌ನಲ್ಲಿ ಯಾರೇ "ರೆಕಾರ್ಡ್ ಆಫೀಸ್‌ನಿಂದ" ಎಂದು ಒಟಿಪಿ ಕೇಳಿದರೂ ಕೊಡಬೇಡಿ. ಯೋಧರು ಎಲ್ಲಿದ್ದಾರೆ ಎಂದೂ ಹೇಳಬೇಡಿ.

ಮನೆಯವರು ಎಲ್ಲಿರಬೇಕು?

ಫೀಲ್ಡ್‌ಗೆ ಕುಟುಂಬ ಬರುವಂತಿಲ್ಲ. ಹಾಗಾಗಿ ಮೂರು ದಾರಿಗಳಿವೆ. ಈಗಿರುವ ಕ್ವಾರ್ಟರ್ಸ್‌ನಲ್ಲೇ ನಿಯಮದ ಅವಧಿಯ ತನಕ ಉಳಿಯುವುದು. ಗಂಡ ಫೀಲ್ಡ್‌ನಲ್ಲಿರುವ ಕುಟುಂಬಗಳಿಗೆಂದೇ ಇರುವ ಎಸ್‌ಎಫ್‌ಎ ಮನೆಗೆ ಅರ್ಜಿ ಹಾಕುವುದು. ಇಲ್ಲವೇ ಊರಿಗೆ ಬಂದು ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ ಪಡೆಯುವುದು. ಸರ್ಕಾರಿ ಮನೆ ಇಟ್ಟುಕೊಂಡರೆ ಎಚ್‌ಆರ್‌ಎ ಇಲ್ಲ.

ಡಿಎ 50 ಮುಟ್ಟಿದ ಮೇಲೆ ಎಚ್‌ಆರ್‌ಎ ಎಕ್ಸ್ ವರ್ಗದ ನಗರದಲ್ಲಿ ಮೂಲ ವೇತನದ ಶೇ. 30, ವೈ ವರ್ಗದಲ್ಲಿ 20, ಉಳಿದ ಕಡೆ 10. ಕರ್ನಾಟಕದಲ್ಲಿ ಎಕ್ಸ್ ಅಂದರೆ ಬೆಂಗಳೂರು ಮಾತ್ರ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ ವರ್ಗ. ಕುಟುಂಬ ಎಲ್ಲಿರುತ್ತದೆ ಎಂದು ಬರೆದುಕೊಟ್ಟ ಊರೇ ಲೆಕ್ಕ. ಮಕ್ಕಳ ಶಾಲೆಗಾಗಿ ಹಳ್ಳಿಯಿಂದ ಮೈಸೂರಿಗೆ ಬಂದರೆ ಯೂನಿಟ್‌ಗೆ ತಿಳಿಸಿ. ಹಾಗೇ, ಬೆಂಗಳೂರು ಎಂದು ಬರೆದು ಹಳ್ಳಿಯಲ್ಲಿ ಇರಬೇಡಿ. ಅದು ತಪ್ಪು ಹೇಳಿಕೆ ಆಗುತ್ತದೆ, ಶಿಸ್ತಿನ ಕ್ರಮಕ್ಕೂ ದಾರಿ.

ಸಾಮಾನು ಸಾಗಿಸಿದ, ಕುಟುಂಬ ಪ್ರಯಾಣ ಮಾಡಿದ ಖರ್ಚಿನ ಕ್ಲೇಮ್‌ಗೆ 60 ದಿನದ ಗಡುವು ಇದೆ. ರಸೀದಿ ಜೋಪಾನ.

ಮಕ್ಕಳ ಶಿಕ್ಷಣ ಭತ್ಯೆ, ರಜೆ ಮತ್ತಿತರ

ಮೊದಲ ಇಬ್ಬರು ಮಕ್ಕಳಿಗೆ ಶಿಕ್ಷಣ ಭತ್ಯೆ ಇದೆ. ಒಂದು ಮಗುವಿಗೆ ತಿಂಗಳಿಗೆ 2,250 ಇದ್ದದ್ದು 2024ರಿಂದ 2,812.50 ಆಗಿದೆ. ಹಾಸ್ಟೆಲ್ ಸಹಾಯಧನದ ಮಿತಿ 6,750ರಿಂದ 8,437.50ಕ್ಕೆ ಏರಿದೆ. ಅಂಗವಿಕಲ ಮಗುವಾದರೆ ಶಿಕ್ಷಣ ಭತ್ಯೆ ಎರಡು ಪಟ್ಟು. ಶಾಲೆಯ ವರ್ಷ ಮುಗಿದ ಮೇಲೆ ಮುಖ್ಯೋಪಾಧ್ಯಾಯರಿಂದ ಮಗು ಇಲ್ಲೇ ಓದಿದೆ ಎಂಬ ಪ್ರಮಾಣಪತ್ರ ತೆಗೆದುಕೊಂಡು ಕ್ಲೇಮ್ ಮಾಡಬೇಕು. ಈ ಕೆಲಸ ಮಾಡಬೇಕಾದವರು ಮನೆಯಲ್ಲಿರುವವರೇ. ಏಪ್ರಿಲ್ ರಜೆಗೆ ಶಾಲೆಯ ಬಾಗಿಲು ಹಾಕುವ ಮುನ್ನ ಹೋಗಿ ಬನ್ನಿ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಪಾರ್ಟ್ ಟೂ ಆರ್ಡರ್‌ನಲ್ಲಿ ಇರುವಂತೆಯೇ ಬರಲಿ.

ಡ್ರೆಸ್ ಅಲೊವೆನ್ಸ್ ವರ್ಷಕ್ಕೊಮ್ಮೆ ಸಾಮಾನ್ಯವಾಗಿ ಜುಲೈ ಸಂಬಳದ ಜೊತೆ ಬರುತ್ತದೆ. ಜವಾನರಿಗೆ 10,000 ಇತ್ತು, ಇದಕ್ಕೂ ಶೇ. 25ರ ಏರಿಕೆ ಅನ್ವಯ. ರೇಶನ್ ಉಚಿತ. ರಜೆ ವರ್ಷಕ್ಕೆ 60 ದಿನ ಆನ್ಯುಯಲ್, 30 ದಿನ ಕ್ಯಾಶುಯಲ್. ತೆಗೆದುಕೊಳ್ಳದೆ ಉಳಿದ ರಜೆ ನಿಯಮದಂತೆ ಜಮೆಯಾಗಿ, ನಿವೃತ್ತಿಯ ಹೊತ್ತಿಗೆ ಗರಿಷ್ಠ 300 ದಿನಗಳಿಗೆ ಹಣ ಸಿಗುತ್ತದೆ. ಊರಿಗೆ ಬರಲು ರೈಲ್ವೆ ವಾರಂಟ್, ಅಂದರೆ ಸರ್ಕಾರದ ಖರ್ಚಿನ ಪ್ರಯಾಣ ಪತ್ರ ಇದೆ. ಮನೆಯವರ ಚಿಕಿತ್ಸೆಗೆ ಹತ್ತಿರದ ಮಿಲಿಟರಿ ಆಸ್ಪತ್ರೆ, ಖರೀದಿಗೆ ಸಿಎಸ್‌ಡಿ ಕ್ಯಾಂಟೀನ್. ಎರಡಕ್ಕೂ ಕಾರ್ಡ್ ಮುಖ್ಯ, ಯೋಧರು ಹೊರಡುವ ಮುನ್ನವೇ ಮಾಡಿಸಿ.

ಪೇ ಸ್ಲಿಪ್ ಓದುವುದು

ಹಮ್‌ರಾಜ್ ಆ್ಯಪ್‌ನಲ್ಲಿ ಜವಾನರಿಗೆ ಪೇ ಸ್ಲಿಪ್ ಸಿಗುತ್ತದೆ. ಪ್ರತಿ ತಿಂಗಳೂ ಇಳಿಸಿಕೊಂಡು ಮನೆಗೆ ಕಳಿಸುವುದು ಒಳ್ಳೆಯ ರೂಢಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು ಎಂದು ನೋಡಿದರೆ ಸಾಲದು, ಹೋದ ತಿಂಗಳಿನದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಏನು ಹೊಸದು, ಏನು ಮಾಯವಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಕಡಿತದಲ್ಲಿ ಎಎಫ್‌ಪಿಪಿ ಎಂಬುದು ಜವಾನರ ಪ್ರಾವಿಡೆಂಟ್ ಫಂಡ್. ಅಧಿಕಾರಿಗಳಿಗೆ ಇದೇ ಡಿಎಸ್‌ಒಪಿ. ಕನಿಷ್ಠ ಶೇ. 6 ಕಟ್ಟಬೇಕು. ಜಾಸ್ತಿ ಕಟ್ಟಬಹುದು. ಫೀಲ್ಡ್‌ನಲ್ಲಿ ಖರ್ಚು ಕಡಿಮೆ, ಬರುವುದು ಜಾಸ್ತಿ. ಆಗ ಈ ಕಂತನ್ನು ಏರಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ ಉಳಿತಾಯ. ಎರಡು ವರ್ಷದ ಭತ್ಯೆಯಲ್ಲಿ ಅರ್ಧ ಇಲ್ಲಿಗೆ ಹೋದರೂ ಮಗಳ ಓದಿಗೆ ಆಸರೆಯಾಗುತ್ತದೆ. ಎಜಿಐಎಫ್ ಎಂಬುದು ಗ್ರೂಪ್ ಇನ್ಶೂರೆನ್ಸ್. ಅದರಲ್ಲಿ ಒಂದು ಪಾಲು ವಿಮೆಗೆ, ಒಂದು ಪಾಲು ಉಳಿತಾಯಕ್ಕೆ ಹೋಗಿ ನಿವೃತ್ತಿಯಲ್ಲಿ ಕೈಗೆ ಬರುತ್ತದೆ.

ತೆರಿಗೆಯ ಬಗ್ಗೆ ಗೊಂದಲ ಇದೆ. ಫೀಲ್ಡ್ ಭತ್ಯೆಗಳಿಗೆ ಪೂರ್ತಿ ತೆರಿಗೆ ಇಲ್ಲ ಎಂದು ಹಲವರು ನಂಬಿದ್ದಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಒಂದು ಸಣ್ಣ ಭಾಗಕ್ಕೆ ಮಾತ್ರ ವಿನಾಯಿತಿ ಇತ್ತು, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದ ತನಕ ತೆರಿಗೆ ಬೀಳುವುದಿಲ್ಲ. ಹೀಗಾಗಿ ಬಹುಪಾಲು ಜವಾನರಿಗೆ ಇದೇ ಅನುಕೂಲ.

ಅಗ್ನಿವೀರರಿಗೆ ಲೆಕ್ಕ ಬೇರೆ

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರ ಮನೆಯವರು ಮೇಲಿನ ಲೆಕ್ಕವನ್ನು ಹಾಗೇ ಹಾಕಿಕೊಳ್ಳಬೇಡಿ. ಅವರಿಗೆ ತಿಂಗಳ ಪ್ಯಾಕೇಜ್ ಇದೆ. ಮೊದಲ ವರ್ಷ 30,000, ಎರಡನೆಯ ವರ್ಷ 33,000, ಮೂರನೆಯದು 36,500, ನಾಲ್ಕನೆಯದು 40,000. ಅದರಲ್ಲಿ ಶೇ. 30 ಸೇವಾ ನಿಧಿಗೆ, ಅಂದರೆ ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಸಿಗುವ ಉಳಿತಾಯಕ್ಕೆ ಹೋಗುತ್ತದೆ. ಹೀಗಾಗಿ ಮೊದಲ ವರ್ಷ ಕೈಗೆ 21,000, ಕೊನೆಯ ವರ್ಷ 28,000. ಹುಡುಗ ಕಟ್ಟಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷಕ್ಕೆ ಇಬ್ಬರದ್ದೂ ಸೇರಿ 10.04 ಲಕ್ಷ, ಬಡ್ಡಿ ಸೇರಿ ಸುಮಾರು 11.71 ಲಕ್ಷ. ಇದಕ್ಕೆ ಆದಾಯ ತೆರಿಗೆ ಇಲ್ಲ.

ಡಿಎ ಇಲ್ಲ, ಎಂಎಸ್‌ಪಿ ಇಲ್ಲ, ಗ್ರಾಚ್ಯುಟಿ ಮತ್ತು ಪಿಂಚಣಿ ಇಲ್ಲ. ಆದರೆ ಫೀಲ್ಡ್‌ಗೆ ಹೋದರೆ ಜಾಗದ ಭತ್ಯೆ, ರೇಶನ್, ಡ್ರೆಸ್, ಪ್ರಯಾಣ ಭತ್ಯೆಗಳು ಅವರಿಗೂ ಇವೆ. ರಜೆ ವರ್ಷಕ್ಕೆ 30 ದಿನ. ಕಂತು ಕಟ್ಟದೆಯೇ 48 ಲಕ್ಷದ ಜೀವ ವಿಮೆ ಇದೆ. ಕರ್ತವ್ಯದ ಕಾರಣಕ್ಕೆ ಪ್ರಾಣ ಹೋದರೆ ಅದರ ಜೊತೆ 44 ಲಕ್ಷ ಎಕ್ಸ್‌ಗ್ರೇಷಿಯಾ (ಒಂದೇ ಬಾರಿ ಕೊಡುವ ಪರಿಹಾರ ಧನ), ಉಳಿದ ಅವಧಿಯ ಪೂರ್ತಿ ಸಂಬಳ ಮತ್ತು ಸೇವಾ ನಿಧಿ. ಕರ್ತವ್ಯದಿಂದಾದ ಅಂಗವೈಕಲ್ಯಕ್ಕೆ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ. ಮಾಸಿಕ ಕುಟುಂಬ ಪಿಂಚಣಿ ಮಾತ್ರ ಇಲ್ಲ. ಮಗನನ್ನೇ ನೆಚ್ಚಿಕೊಂಡ ತಂದೆತಾಯಿ ಇದನ್ನು ಮೊದಲೇ ತಿಳಿದಿರಬೇಕು.

ವಿಶ್ವಸಂಸ್ಥೆಯ ಮಿಷನ್‌ಗೆ ಹೋದರೆ

ಕಾಂಗೊ, ದಕ್ಷಿಣ ಸುಡಾನ್, ಲೆಬನಾನ್‌ಗೆ ಭಾರತದ ಯೋಧರು ಶಾಂತಿ ಪಾಲನೆಗೆ ಹೋಗಿದ್ದಾರೆ. ವಿಶ್ವಸಂಸ್ಥೆ ಒಬ್ಬೊಬ್ಬ ಯೋಧರಿಗೆ ಇಂತಿಷ್ಟು ಎಂದು ಕೊಡುವ ದೊಡ್ಡ ಮೊತ್ತ ಸೇರುವುದು ಭಾರತ ಸರ್ಕಾರಕ್ಕೆ. ಯೋಧರಿಗೆ ನಮ್ಮ ಸರ್ಕಾರವೇ ಸಂಬಳ ಮತ್ತು ವಿದೇಶ ಭತ್ಯೆ ಕೊಡುತ್ತದೆ. ವಿಶ್ವಸಂಸ್ಥೆ ನೇರವಾಗಿ ಕೊಡುವುದು ದಿನದ ಸಣ್ಣ ಖರ್ಚಿಗೆ 1.28 ಡಾಲರ್ ಮತ್ತು ರಜೆಯ ದಿನಗಳಿಗೆ ಸ್ವಲ್ಪ ಭತ್ಯೆ. ಊರಿನಲ್ಲಿ ಹರಿದಾಡುವ ಲಕ್ಷಗಳ ಲೆಕ್ಕ ನಂಬಿ ಮನೆ ಕಟ್ಟಲು ಶುರು ಮಾಡಬೇಡಿ.

ಆಗಬಾರದ್ದು ಆದರೆ

ಬರೆಯಲು ಮನಸ್ಸಿಲ್ಲದ ಭಾಗ. ಆದರೂ ತಿಳಿದಿರಬೇಕು. ದುಃಖದ ನಡುವೆ ಫಾರ್ಮ್‌ಗಳು ಬಂದಾಗ ಯಾವುದು ಏನು ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಎಲ್ಲವೂ ನಿಂತಿರುವುದು ಸಾವು ಅಥವಾ ಗಾಯವನ್ನು ಹೇಗೆ ವರ್ಗ ಮಾಡಿದ್ದಾರೆ ಎಂಬುದರ ಮೇಲೆ. ಯುದ್ಧ ಅಥವಾ ಕಾರ್ಯಾಚರಣೆಯಲ್ಲಾದ ಬ್ಯಾಟಲ್ ಕ್ಯಾಶುವಾಲ್ಟಿ ಬೇರೆ, ಉಳಿದ ಕಾರಣಕ್ಕಾದ ಫಿಸಿಕಲ್ ಕ್ಯಾಶುವಾಲ್ಟಿ ಬೇರೆ. ಬ್ಯಾಟಲ್ ಕ್ಯಾಶುವಾಲ್ಟಿಯಲ್ಲಿ ಹೆಂಡತಿಗೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್ ಸಿಗುತ್ತದೆ. ಅದು ಕೊನೆಯ ವೇತನಕ್ಕೇ ಸಮ, ಮೇಲೆ ಡಿಎ ಬೇರೆ. ಕರ್ತವ್ಯದ ಕಾರಣಕ್ಕೆ ಬೇರೆ ರೀತಿಯಲ್ಲಿ ಸಾವು ಬಂದರೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್, ಕೊನೆಯ ವೇತನದ ಶೇ. 60. ಕರ್ತವ್ಯಕ್ಕೆ ಸಂಬಂಧವಿಲ್ಲದ ಸಾವಾದರೆ ಸಾಮಾನ್ಯ ಕುಟುಂಬ ಪಿಂಚಣಿ, ಮೊದಲ 10 ವರ್ಷ ಶೇ. 50, ಆಮೇಲೆ 30.

ಕೇಂದ್ರದ ಎಕ್ಸ್‌ಗ್ರೇಷಿಯಾ 2016ರ ದರದಂತೆ ಹೀಗಿದೆ. ಕರ್ತವ್ಯದಲ್ಲಿ ಅಪಘಾತ ಅಥವಾ ಉಗ್ರರ ಹಿಂಸೆಯಿಂದ ಸಾವಾದರೆ 25 ಲಕ್ಷ. ಗಡಿ ಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆ, ಗೊತ್ತುಪಡಿಸಿದ ಎತ್ತರದ ಪೋಸ್ಟ್‌ಗಳಲ್ಲಿ ಹವಾಮಾನ ಅಥವಾ ಪ್ರಕೃತಿ ವಿಕೋಪದಿಂದ ಸಾವಾದರೆ 35 ಲಕ್ಷ. ಯುದ್ಧದಲ್ಲಾದರೆ 45 ಲಕ್ಷ. ಗ್ರೂಪ್ ಇನ್ಶೂರೆನ್ಸ್, ಪ್ರಾವಿಡೆಂಟ್ ಫಂಡ್, ಡೆತ್ ಗ್ರಾಚ್ಯುಟಿ, ಬ್ಯಾಂಕಿನ ವಿಮೆ ಇವೆಲ್ಲ ಇದರ ಹೊರಗೆ. ಹುತಾತ್ಮರ ಮಕ್ಕಳ ಓದಿಗೆ ಕೊಡುವ ನೆರವಿಗಿದ್ದ ತಿಂಗಳಿಗೆ 10,000ದ ಮಿತಿಯನ್ನು 2018ರಲ್ಲಿ ತೆಗೆದುಹಾಕಿದರು.

ಪಿಂಚಣಿಯ ಕೆಲಸ ಈಗ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲ್‌ನಲ್ಲಿ ನಡೆಯುತ್ತದೆ. ಯೂನಿಟ್ ಮತ್ತು ರೆಕಾರ್ಡ್ ಆಫೀಸ್ ಕಾಗದಪತ್ರ ಮಾಡುತ್ತವೆ, ಮನೆಯವರು ಯಾರಿಗೂ ದುಡ್ಡು ಕೊಡಬೇಕಿಲ್ಲ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ರಾಜ್ಯದ ಪರಿಹಾರಕ್ಕೂ ಅಲ್ಲೇ ಅರ್ಜಿ. ವರ್ಗೀಕರಣ ತಪ್ಪಾಗಿದೆ ಅನಿಸಿದರೆ ಬರೆದು ಕೇಳುವ ಹಕ್ಕು ಇದೆ, ಸೇನಾ ಸೇವೆಯ ವ್ಯಾಜ್ಯ ಕೇಳುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ತನಕ ಹೋಗಬಹುದು.

ಊರಿನ ಜಮೀನು, ಕೋರ್ಟ್ ಕೇಸ್

ಇದೂ ಸೌಲಭ್ಯವೇ, ಆದರೆ ಹೆಚ್ಚಿನವರಿಗೆ ಗೊತ್ತಿಲ್ಲ. 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಶನ್ ಕಾಯ್ದೆ ಇಂದಿಗೂ ಇದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಯೋಧರು ಸಿವಿಲ್ ಕೇಸಿಗೆ ಬರಲಾಗದಿದ್ದರೆ ಕೋರ್ಟ್ ವಿಚಾರಣೆ ತಡೆಹಿಡಿಯಬೇಕಾಗುತ್ತದೆ. ದಾಯಾದಿಗಳು ಜಮೀನಿನ ಕೇಸ್ ಹಾಕಿದ್ದರೆ ವಕೀಲರಿಗೆ ಇದನ್ನು ನೆನಪಿಸಿ. ಯೂನಿಟ್‌ನಿಂದ ಪ್ರಮಾಣಪತ್ರ ತರಿಸಿ.

ಕರ್ನಾಟಕ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಅದರ 5ನೇ ಸೆಕ್ಷನ್‌ನಲ್ಲಿ ಸೈನಿಕರಿಗೆ ಮತ್ತು ನಾವಿಕರಿಗೆ ವಿನಾಯಿತಿ ಇದೆ, 15ನೇ ಸೆಕ್ಷನ್‌ನಲ್ಲಿ ಆ ಜಮೀನನ್ನು ವಾಪಸ್ ಪಡೆಯುವ ದಾರಿ ಇದೆ. ಬಾಯಿಮಾತಿನಲ್ಲಿ ಕೊಟ್ಟು ಹೋಗಬೇಡಿ. ಬರವಣಿಗೆ ಮಾಡಿಸಿ.

ಹಣ ಬರದಿದ್ದರೆ ಯಾರನ್ನು ಕೇಳಬೇಕು?

ಮೊದಲು ಕಂಪನಿಯ ಕ್ಲರ್ಕ್. ಆರ್ಡರ್ ಆಗಿದೆಯೇ, ಪಿಎಒ ಒಪ್ಪಿದೆಯೇ, ವಾಪಸ್ ಬಂದಿದೆಯೇ ಎಂದು ಕೇಳಿ. ಅಲ್ಲಿ ಆಗದಿದ್ದರೆ ಸೀನಿಯರ್ ಜೆಸಿಒ ಸಾಹೇಬರು, ಆಮೇಲೆ ಕಂಪನಿ ಕಮಾಂಡರ್. ಯೂನಿಟ್‌ನ ಎಲ್ಲರೂ ಸೇರುವ ಸೈನಿಕ ಸಮ್ಮೇಳನದಲ್ಲಿ ಎದ್ದು ಕೇಳುವುದಕ್ಕೂ ಸಂಕೋಚ ಬೇಡ, ಅದು ಇರುವುದೇ ಅದಕ್ಕಾಗಿ. ರಜೆಗೆ ಬಂದಾಗ ಬೆಳಗಾವಿ, ಬೆಂಗಳೂರಿನ ಪಿಎಒಗೆ ಖುದ್ದಾಗಿ ಹೋಗುವವರು ಆರ್ಮಿ ನಂಬರ್, ಹಿಂದಿನ ಪೇ ಸ್ಲಿಪ್‌ಗಳು, ಪಾರ್ಟ್ ಟೂ ಆರ್ಡರ್‌ನ ನಕಲು ಒಯ್ಯಿರಿ. ಮನೆಯವರು ನೇರವಾಗಿ ಬರೆಯುವುದಾದರೆ ರೆಕಾರ್ಡ್ ಆಫೀಸ್‌ಗೆ ಬರೆಯಿರಿ, ಸ್ಪೀಡ್ ಪೋಸ್ಟ್‌ನ ರಸೀದಿ ಇಟ್ಟುಕೊಳ್ಳಿ. ಕಾಗದ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಬೇಗ ಕೆಲಸ ಆಗುತ್ತದೆ. ಬರೆಯಲು ಬಾರದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೋ ಊರಿನ ಮಾಜಿ ಸೈನಿಕರ ಸಂಘದಲ್ಲೋ ಕೇಳಿ, ಬರೆದುಕೊಡುತ್ತಾರೆ. ಭತ್ಯೆ ತಡವಾಗಿ ಮಂಜೂರಾದರೂ ಜಾಗಕ್ಕೆ ಸೇರಿದ ದಿನದಿಂದಲೇ ಅರಿಯರ್ಸ್ ಲೆಕ್ಕ ಹಾಕಬೇಕು. ಹಣ ಬಂದ ದಿನ ಆ ತಾರೀಕನ್ನು ನೋಡಿಕೊಳ್ಳಿ.